ದೀಪ ದೊಡ್ಡದು ಮಾಡಿದ ಸಂಜೆ

ಅಘನಾಶಿನಿ ದಡ
ಮರು ಆಷಾಢ ಮೂವತ್ತೊಂಬತ್ತು, ೨೩೧೪

ನನ್ನ ಮುತ್ತಜ್ಜಿಯ ಮುತ್ತಜ್ಜಿಗೆ ನಮಸ್ಕಾರಗಳು.

ತಾರೀಖು ಕಂಡು ಗಾಬರಿಯಾಗಬೇಡಿ. ಮಳೆ ಒಂದು ಆಷಾಢಕ್ಕೆ ಮುಗಿಯುವುದಿಲ್ಲವೆಂದು ನಾವು ಇನ್ನೊಂದನ್ನು ಸೇರಿಸಿಕೊಂಡು, ಅದನ್ನು ನಲವತ್ತು ದಿನಕ್ಕೆ ಎಳೆದಿದ್ದೇವೆ. ನನ್ನ ಕನ್ನಡವೂ ನಿಮಗೆ ವಿಚಿತ್ರವೆನಿಸೀತು, ಹೊಟ್ಟೆಗೆ ಹಾಕಿಕೊಳ್ಳಿ.

ಈಗ ನಮ್ಮ ಹೊಳೆಯಲ್ಲಿ ಓಡಾಡುವುದು ತಾನೋಡಗಳು, ಅಂದರೆ ಅಂಬಿಗನಿಲ್ಲದೆ ತಾವೇ ದಾರಿ ಹಿಡಿಯುವ ದೋಣಿಗಳು. ಸಂತೆಯ ಬಸಳೆ, ಬುಟ್ಟಿಗಟ್ಟಲೆ ಬಳಚು ಚಿಪ್ಪುಮೀನು, ಶಾಲೆಯ ಮಕ್ಕಳು, ಮದುವೆಯ ದಿಬ್ಬಣ, ಎಲ್ಲ ಅವುಗಳಲ್ಲೇ. ಅವಕ್ಕೆ ಬೆಳಕು ಬೇಡ. ಹಾಗಾಗಿ ಹೊಳೆಯ ತಿರುವಿನ ಹಳೆಯ ದೀಪಸ್ತಂಭವನ್ನು ಕಾಯಂ ಆಗಿ ಆರಿಸಿಬಿಡಲು ನದಿಕೂಟ ತೀರ್ಮಾನಿಸಿತು. ನದಿಕೂಟವೆಂದರೆ ನಿಮ್ಮ ಪಂಚಾಯಿತಿಯಂಥದ್ದೇ, ಜಗಳ ಮಾತ್ರ ಜಾಸ್ತಿ. ಕೊನೆಯ ಸಂಜೆಯಾದರೂ ನೋಡೋಣವೆಂದು ನಾನೂ ಹೋದೆ.

ಅಬ್ಬಾ, ಎಷ್ಟು ಪುಟ್ಟದು! ಕೆಂಪುಕಲ್ಲಿನ ಗೋಡೆ, ಮೇಲೆ ಗಾಜಿನೊಳಗೆ ಒಂದು ಎಣ್ಣೆದೀಪ, ಬತ್ತಿ ಏರಿಸಿಳಿಸಲು ಹಿತ್ತಾಳೆಯ ತಿರುಪು. ಸುಮ್ಮನೆ ಯಾವುದಕ್ಕೂ ಬೆರಗಾಗುವವಳಲ್ಲ ನಾನು. ಆದರೆ ಇಷ್ಟನ್ನೇ ನಂಬಿ ನಿಮ್ಮ ಕಾಲದವರು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಕತ್ತಲ ನೀರಿಗಿಳಿಯುತ್ತಿದ್ದರಲ್ಲ, ಅದನ್ನು ನೆನೆದು ಮೈ ಜುಮ್ಮೆಂದಿತು.

ದೀಪ ಕಾಯುವ ಗಣಪಿ ಅಕ್ಕ ತಿರುಪಿಗೆ ಕೈ ಹಾಕಿದಳು, ತೆಗೆದಳು. ಮತ್ತೆ ಹಾಕಿದಳು. ಕೊನೆಗೆ ಸೆರಗಿನಿಂದ ಮುಖ ಮುಚ್ಚಿಕೊಂಡು ಪಕ್ಕದಲ್ಲಿದ್ದ ನನಗೆ ಅಂದಳು: "ನನ್ ಕೈಲಿ ಆಗೂದಿಲ್ಲ ತಂಗಿ. ನೀನೇ ದೊಡ್ಡದು ಮಾಡು."

ಮಾಡಿದೆ! ತಿರುಪು ತಿರುಗುವಷ್ಟೂ ತಿರುಗಿಸಿದೆ. ಬೆಳಕು ಹೊಳೆ ದಾಟಿ ಆಚೆ ದಡ ಮುಟ್ಟಿತು. ಉಪ್ಪುನೀರಂಚಿನ ಕಾಂಡ್ಲಾ ಗಿಡಗಳ ಎಲೆ ಎಲೆಯೂ ಕಂಡಿತು. ಆಚೆ ಕೇರಿಯವರು ಮನೆಗಳಿಂದ ಹೊರಬಂದು ಸಾಲಾಗಿ ನಿಂತರು. ನನಗಂತೂ ಅಳು ಬಂತು.

"ಅಯ್ಯೋ ಹುಚ್ಚಿ, ಎಂತ ಮಾಡ್ದ್ಯೇ! ದೊಡ್ಡದು ಮಾಡು ಅಂದ್ರೆ ಆರ್ಸು ಅಂತ!" ಸೆರಗು ಸರಿಸಿ ನೋಡಿದ ಅಕ್ಕ ಕೂಗಿದಳು.

ದೀಪಕ್ಕೆ 'ಆರಿಸು' ಎಂಬ ಅಶುಭದ ಮಾತು ಆಡಬಾರದೆಂದು ನೀವೆಲ್ಲ 'ದೊಡ್ಡದು ಮಾಡು' ಎನ್ನುತ್ತಿದ್ದಿರಂತೆ. ನಮ್ಮ ಮನೆಯಲ್ಲಿ ಯಾರೂ ಕಲಿಸಿರಲಿಲ್ಲ. ಅಕ್ಕ, ದೀಪ ಆರುವುದನ್ನು ನೋಡಲು ಬಂದಿದ್ದ ಕೂಟದ ಹಿರಿಯನ ಕಡೆ ತಿರುಗಿ, "ಇನ್ನು ಆರ್ಸೂದಾದ್ರೆ ನೀವೇ ಬಾಯಿಬಿಟ್ಟು ಹೇಳಿ" ಅಂದಳು. ಅವನು ದೀಪ ನೋಡಿದ, ಹೊಳೆ ನೋಡಿದ, ಗಂಟಲು ಸರಿಮಾಡಿಕೊಂಡ. ಆ ಮಾತು ಅವನ ಬಾಯಿಂದಲೂ ಹೊರಡಲಿಲ್ಲ. "ಇರ್ಲಿ ಬಿಡಿ" ಎಂದು ಮೆಟ್ಟಿಲಿಳಿದು ಹೋದ. ದೀಪ ಇವತ್ತಿಗೂ ಉರಿಯುತ್ತಿದೆ.

ಅದಕ್ಕೇ ಮುತ್ತಜ್ಜಿ, ನಿಮ್ಮಲ್ಲಿ ಒಂದೇ ಬೇಡಿಕೆ. ಮಕ್ಕಳಿಗೆ ಏನು ಬೇಕಾದರೂ ಕಲಿಸಿ. 'ದೊಡ್ಡದು ಮಾಡು' ಎಂಬ ಮಾತಿನ ಅರ್ಥವೊಂದನ್ನು ಮಾತ್ರ ದಯವಿಟ್ಟು ಕಲಿಸಬೇಡಿ.

ನಿಮ್ಮ ಕುಡಿ,
ಶಾಲ್ಮಲೆ