ಬೆಲ್ ಒತ್ತದೆ ಹೋದ ತಮ್ಮ

ಹದಿನಾಲ್ಕು, ಮಂಗಳವಾರ.

ಬಾಗಿಲ ಕ್ಯಾಮೆರಾ ಹದಿನೈದು ದಿನದ್ದಷ್ಟೇ ಇಟ್ಟುಕೊಂಡು ಹಳೆಯದನ್ನು ತಾನೇ ಅಳಿಸುತ್ತದಂತೆ. ತಮ್ಮ ಬಂದು ನಿಂತದ್ದು ನಾಳೆ ಅಳಿಸಿಹೋಗುತ್ತಿತ್ತು. ಮಾತು ಬಿಟ್ಟು ಒಂಬತ್ತು ವರ್ಷವಾದ ಮೇಲೆ ಬಂದವನು ಬೆಲ್ಲಿನವರೆಗೆ ಕೈ ಎತ್ತಿ, ಒತ್ತದೆ, ಅಡ್ಡಾದಿಡ್ಡಿ ಬಿದ್ದಿದ್ದ ನನ್ನ ಚಪ್ಪಲಿ ಜೋಡಿಸಿಟ್ಟು ಹೋದ. ಆ ಹೊತ್ತಿಗೆ ನಾನು ದೇವರ ಮುಂದೆ ಕೂತು ಅವನಿಗಾಗಿಯೇ ಬೇಡುತ್ತಿದ್ದೆ.

ಇವತ್ತು ಕ್ಯಾಮೆರಾದವನನ್ನು ಕರೆಸಿದೆ. ಇದ್ದದ್ದನ್ನೆಲ್ಲ ಇಂಟರ್ನೆಟ್ಟಿನಲ್ಲಿ ದೂರದ ಇನ್ನೊಂದು ಕಡೆಗೆ ನಕಲು ಮಾಡಿ ಕಳಿಸಿದ. ಇನ್ನು ದಿನದಿನದ್ದೂ ತಾನಾಗಿಯೇ ಅಲ್ಲಿಗೆ ಹೋಗುತ್ತದಂತೆ, ಮನೆಯದು ಕೆಟ್ಟರೂ ಅಲ್ಲಿರುತ್ತದಂತೆ.

"ಕಳ್ಳ ಬಂದಿದ್ನಾ ಅಮ್ಮಾ?"

"ಕಳ್ಳನೇ ಕಣಪ್ಪ. ಚಿಕ್ಕಂದಿನಿಂದ ನನ್ನ ತಟ್ಟೆಗೇ ಕೈ ಹಾಕೋನು."

ಅವನು ನಕ್ಕ. "ಸರಿಯಾಗಿ ಹೋಗ್ತಾ ಇದೆಯಾ ನೋಡೋಣ. ಬಾಗಿಲಲ್ಲಿ ನಿಂತು ಏನಾದ್ರೂ ಮಾತಾಡಿ."

ತಮ್ಮ ನಿಂತಿದ್ದಲ್ಲೇ ನಿಂತೆ. "ಬೆಲ್ ಒತ್ತೋದಲ್ವೇನೋ, ಒಳಗೇ ಇದ್ದೆ" ಅಂದುಬಿಟ್ಟೆ.

ಕ್ಯಾಮೆರಾದವನು ಫೋನಿನಲ್ಲಿ ನೋಡಿ "ತಲುಪ್ತು ಅಮ್ಮಾ" ಎಂದ.

ಎಲ್ಲಿಗೆ ತಲುಪಿತೋ ದೇವರೇ ಬಲ್ಲ. ನಾಳೆಯಿಂದ ದೇವರ ಮುಂದೆ ಕೂರುವಾಗ ಬಾಗಿಲು ತೆರೆದೇ ಇಡುತ್ತೇನೆ, ಬೆಲ್ಲಿನ ಹಂಗೇ ಬೇಡ. ಚಪ್ಪಲಿಯನ್ನೂ ಬೇಕೆಂದೇ ಅಡ್ಡಾದಿಡ್ಡಿ ಬಿಟ್ಟು ಬಂದಿದ್ದೇನೆ, ಅವನು ಮತ್ತೆ ಬಂದು ಜೋಡಿಸಲಿ ಅಂತ.