ಕಾಣದ ಕೆಲಸಕ್ಕೊಂದು ಪೇಜು

ಜೂನ್ 2, ಬೆಳಿಗ್ಗೆ 9.40

ಮೊಬೈಲ್ ಮತ್ತೆ ಬಿತ್ತು. ಈ ಸಲ ನೂಲಿನ ಡಬ್ಬದೊಳಗೆ. ಇಸ್ತ್ರಿಪೆಟ್ಟಿಗೆ, ಅದರ ಮೇಲೆ ಶೂ ಬಾಕ್ಸು, ಅದರ ಮೇಲೆ ಮೂರು ದಾರದುಂಡೆ — ಇದೇ ನನ್ನ ಸ್ಟ್ಯಾಂಡ್. ಲೈಟಿಂಗ್ ಅಂದರೆ ಕಿಟಕಿ. ಸ್ಟುಡಿಯೋ ಅಂದರೆ ಅತ್ತೆಯ ರಫು ಅಂಗಡಿ, ಹರಿದ ಬಟ್ಟೆಗೆ ಗುರುತು ಸಿಗದ ಹಾಗೆ ಎಳೆ ಹೆಣೆಯುವ ಜಾಗ. ಹತ್ತಡಿ ಉದ್ದ, ಆರಡಿ ಅಗಲ. ಇಬ್ಬರೂ ಒಟ್ಟಿಗೆ ಎದ್ದರೆ ಒಬ್ಬರು ಬೀದಿಗೆ.

ಅತ್ತೆ ನೋಡಿಯೂ ನೋಡದವರ ಹಾಗೆ ಕೂತಿದ್ದರು. ಅಪ್ಪನ ಸ್ವಂತ ಅಕ್ಕ, ಆದರೆ ಅಪ್ಪನಿಗಿರುವ ಸಹನೆ ಕಾಲುಭಾಗವೂ ಇಲ್ಲ. "ಗಡಿಬಿಡಿ, ಸೂಜಿ ಹಿಡ್ಕೊಳ್ಳೋ ಕೈಯಲ್ಲಿ ಅದೇನೇ ಸರ್ಕಸ್ಸು?" ಅಂದರು. ಗಡಿಬಿಡಿ ಅಂದರೆ ನಾನು. ಹೆಸರು ಹಿಡಿದು ಕರೆದು ಎಷ್ಟು ವರ್ಷವಾಯಿತೋ.

ಅಂಗಡಿಯ ಪೇಜು ನಿನ್ನೆ ಶುರು. ಫಾಲೋವರ್ಸ್ ಹನ್ನೊಂದು. ಒಂಬತ್ತು ನೆಂಟರು, ಒಂದು ಪಕ್ಕದ ಅಂಗಡಿಯ ಜೆರಾಕ್ಸಣ್ಣ, ಒಂದು ಇನ್ನೊಂದು ಅಕೌಂಟಿನಿಂದ ನಾನೇ.

ನಗುವ ಹಾಗಿಲ್ಲ. ಅತ್ತೆಯ ಕಣ್ಣು ಮಂದವಾಗುತ್ತಿದೆ. ಹರಿದದ್ದನ್ನು ಈಗ ಯಾರು ರಫು ಮಾಡಿಸುತ್ತಾರೆ, ಎಸೆಯುತ್ತಾರೆ. "ಈ ತಿಂಗಳ ಕೊನೇವರೆಗೆ ನೋಡ್ತೀನಿ. ಆಮೇಲೆ ಬೀಗದ ಕೈ ಜೆರಾಕ್ಸಿನವನಿಗೆ" ಅಂದುಬಿಟ್ಟಿದ್ದಾರೆ. ಆ ಪುಣ್ಯಾತ್ಮ ಟೇಪು ಹಿಡಿದು ಗೋಡೆ ಅಳೆದುಕೊಂಡೂ ಹೋದ. ಕಾಲ್ ಸೆಂಟರ್ ಕೆಲಸ ಬಿಟ್ಟು ಬಂದು ಆರು ತಿಂಗಳು. ಈ ಅಂಗಡಿ ಹೋದರೆ ನಾನು ಹೆಡ್‌ಫೋನಿಗೇ ವಾಪಸ್. ಅದಾಗಲ್ಲ. ಆಗೋದಿಲ್ಲ ಅಷ್ಟೇ.

ಇಪ್ಪತ್ತೆಂಟು ದಿನ!

ಜೂನ್ 4, ಮಧ್ಯಾಹ್ನ

ಹೊಸ ತಲೆನೋವು. ನಮ್ಮ ಕೆಲಸ ಚೆನ್ನಾಗಿ ಆದರೆ ಕಾಣುವುದೇ ಇಲ್ಲ. ಕಾಣದ್ದನ್ನು ವಿಡಿಯೋದಲ್ಲಿ ತೋರಿಸುವುದು ಹೇಗೆ? ಹಳೇ ಸ್ವೆಟರಿನ ತೂತು, ಆಮೇಲೆ ತೂತಿಲ್ಲದ ಸ್ವೆಟರು, ಎರಡೂ ಹಾಕಿದೆ. ಬಂದದ್ದು ಒಂದೇ ಕಾಮೆಂಟು: "ಇದು ಬೇರೆ ಸ್ವೆಟರ್. ಯಾರ ಕಿವಿಗೆ ಹೂ ಇಡ್ತೀರ?"

ಅತ್ತೆಗೆ ಓದಿ ಹೇಳಿದೆ. ಮುಖ ಅರಳಿತು. "ಇದಕ್ಕಿಂತ ಹೊಗಳಿಕೆ ಬೇಕೇನೇ?"

ನನ್ನ ಕೆಲಸಕ್ಕೆ ಮಾತ್ರ ಈ ಹೊಗಳಿಕೆ ಇನ್ನೂ ಸಿಕ್ಕಿಲ್ಲ. ನಾನು ರಫು ಮಾಡಿದ ಬಟ್ಟೆಯನ್ನು ಅತ್ತೆ ಕಣ್ಣು ಮುಚ್ಚಿ ಬೆರಳಲ್ಲಿ ಸವರುತ್ತಾರೆ. ಬೆರಳು ಒಂದು ಕಡೆ ನಿಲ್ಲುತ್ತದೆ. "ಸಿಕ್ತು. ಬಿಚ್ಚು." ಆರು ತಿಂಗಳಿಂದ ಇದೇ ಮಂತ್ರ.

ಜೂನ್ 7, ಸಂಜೆ 5

ಇವತ್ತು ಕೋಟು ಬಂತು. ಕೋಟಲ್ಲ, ಚಿನ್ನ!

ತಂದವನು ಇಪ್ಪತ್ತೈದರ ಆಸುಪಾಸು. ಎಂದಿನಂತೆ ಅತ್ತೆ ಮೊದಲು ಎದ್ದು ಬಾಗಿಲು ಹಾಕಿದರು, ಆಮೇಲೇ ಕಟ್ಟು ಬಿಚ್ಚಿಸಿದರು. ಯಾವ ಗಿರಾಕಿ ಬಂದರೂ ಹೀಗೆಯೇ. ಧೂಳಿಗೆ ಅಂತ ಕಾಣುತ್ತದೆ. ನೀಲಿ ಉಣ್ಣೆಯ ಕೋಟು, ಎದೆಯ ಎಡಕ್ಕೆ ಇಸ್ತ್ರಿ ಸುಟ್ಟು ಅಂಗೈಯಗಲ ತೂತು. ಇಂಟರ್‌ವ್ಯೂಗೆಂದು ಅಕ್ಕನ ಗಂಡನಿಂದ ಕಡ ತಂದದ್ದಂತೆ.

"ಭಾವಂಗೆ ಗೊತ್ತಾದ್ರೆ ನನ್ನ ಕಥೆ ಮುಗೀತು ಅಮ್ಮಾ. ಮೊದಲೇ ನನ್ನನ್ನ ಕಂಡ್ರೆ ಅಷ್ಟಕ್ಕಷ್ಟೇ."

ಅತ್ತೆ ಅಂದದ್ದು ಇಷ್ಟೇ: "ಸೋಮವಾರ ಬಾ."

ಎಲ್ಲ ಶೂಟ್ ಮಾಡುತ್ತಿದ್ದೇನೆ. ಕೋಟಿನ ಒಳಮಡಿಕೆಯಿಂದಲೇ ಎಳೆ ಕಿತ್ತು, ಅದೇ ಎಳೆಯಿಂದ ತೂತಿನ ಮೇಲೆ ಉದ್ದಕ್ಕೆ ಹಾಸು, ಆಮೇಲೆ ಅಡ್ಡಕ್ಕೆ ಹೊಕ್ಕು. ಭೂತಗನ್ನಡಿಗೆ ಮೊಬೈಲ್ ಕ್ಯಾಮೆರಾ ತಾಗಿಸಿದೆ — ಅಬ್ಬಾ! ಸೂಜಿ ಮರದ ದಿಮ್ಮಿಯಷ್ಟು ದಪ್ಪ, ಅತ್ತೆಯ ಬೆರಳ ಗೆರೆ ಒಂದೊಂದೂ ಕಾಣುತ್ತದೆ. ಕತ್ತರಿಸದೆ, ಒಂದೇ ಓಟದಲ್ಲಿ ತೋರಿಸಿದರೆ ಬೇರೆ ಕೋಟು ಅನ್ನುವುದಕ್ಕೆ ಯಾರಿಗೂ ಬಾಯಿಲ್ಲ.

ಜೂನ್ 10, ಮಧ್ಯಾಹ್ನ 12

ಹಾಕಿದೆ! ಹೆಡ್ಡಿಂಗು: "ಈ ತೂತು ಎಲ್ಲಿ ಹೋಯಿತು?"

ಮುಖ ಇಲ್ಲ, ಹೆಸರಿಲ್ಲ. ಕೋಟು ಮಾತ್ರ. ಐದು ಗುಂಡಿಯಲ್ಲಿ ಒಂದು ಹಸಿರು, ಮಿಕ್ಕವು ಕಂದು. ಚೆಂದ ಕಾಣುತ್ತದೆಂದು ಅದನ್ನೇ ಕೊನೆಯಲ್ಲಿ ಹತ್ತಿರದಿಂದ ತೋರಿಸಿದ್ದೇನೆ. ಎಂಥ ತಲೆ ನನ್ನದು!

ಜೂನ್ 11, ಬೆಳಿಗ್ಗೆ 8

ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಎದ್ದಾಗ ವಿಡಿಯೋ ನೋಡಿದವರು ನಲವತ್ತು ಸಾವಿರ. ಹಲ್ಲುಜ್ಜಿ ಬರುವಷ್ಟರಲ್ಲಿ ಐವತ್ತೆರಡು.

ಸಂಜೆ 4

ಒಂದು ಲಕ್ಷ ಎಂಬತ್ತು ಸಾವಿರ!!! ಅಂಗಡಿಗೆ ಓಡಿ ಹೋಗಿ ಹೇಳಿದೆ. ಅತ್ತೆ ಸೂಜಿ ನಿಲ್ಲಿಸಿ ಅಂಗಡಿಯ ಸುತ್ತ ಒಮ್ಮೆ ನೋಡಿದರು. "ಅಷ್ಟೂ ಜನ ಬಂದ್ರೆ ಎಲ್ಲಿ ಕೂರಿಸ್ತೀಯ?"

ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡೆ. "ಎಲೆಮರೆಯ ಕಾಯಿ ಆಗಿದ್ರಿ ಅತ್ತೆ, ಈಗ ನೋಡಿ" ಅಂದೆ. "ಮರೆಯಲ್ಲಿದ್ದಿದ್ದಕ್ಕೇ ಕಣೇ, ಇನ್ನೂ ಯಾರೂ ಕಲ್ಲು ಹೊಡೆದಿಲ್ಲ" ಅಂದರು. ಆಗಲೂ ನಕ್ಕೆ.

ಜೂನ್ 12, ಮಧ್ಯಾಹ್ನ 3

ಐದು ಗಿರಾಕಿ! ಒಂದೇ ದಿನದಲ್ಲಿ! ಬಾಗಿಲು ಹಾಕಿ ತೆಗೆದು ಅತ್ತೆಗೆ ಮೊಣಕಾಲು ನೋವು.

ಪ್ರತಿ ಕಾಮೆಂಟಿಗೂ ನಾನೇ ಉತ್ತರ. ಒಂದು ಗಂಟೆಯೊಳಗೆ ಉತ್ತರಿಸಿದರೆ ಪೇಜು ಬೆಳೆಯುತ್ತದಂತೆ, ಎಲ್ಲೋ ಓದಿದ್ದು. ಓದುವುದಕ್ಕೆಲ್ಲಿ ಪುರುಸೊತ್ತು, ಹೃದಯ ಒತ್ತುವುದು, ಮುಂದಕ್ಕೆ ಹೋಗುವುದು. ಒಬ್ಬರು "ಹಸಿರು ಗುಂಡಿಯ ಈ ಕೋಟು ನಮ್ಮನೆಯದಲ್ಲವೇ?" ಎಂದು ಬರೆದಿದ್ದರು. ಅದಕ್ಕೂ ಹೃದಯ ಒತ್ತಿ "ಧನ್ಯವಾದ ಸರ್! ಖಂಡಿತ ಬನ್ನಿ! ಅಂಗಡಿ ಹತ್ತರಿಂದ ಆರು!" ಎಂದು ಹಾಕಿದ್ದೇನೆ. ಹಾಕಿ ಎರಡು ಗಂಟೆಯಾದ ಮೇಲೆ, ಟೀ ಕುಡಿಯುವಾಗ, ಏನು ಓದಿದೆ ಅನ್ನುವುದು ತಲೆಗೆ ಹೋಯಿತು.

ಅಯ್ಯೋ.

ಜೂನ್ 13, ಬೆಳಿಗ್ಗೆ 11.30

ಬಂದರು. ಹತ್ತಕ್ಕೆ ಸರಿಯಾಗಿ, ನಾನೇ ಕರೆದ ಹಾಗೆ. ಕೈಯಲ್ಲಿ ಕೋಟು, ಬೆನ್ನ ಹಿಂದೆ ತಲೆ ತಗ್ಗಿಸಿದ ಬಾಮೈದ.

ಭಾವ ಕೂಗಾಡುವವರಲ್ಲ. ಅದೇ ಕಷ್ಟ. ಕೋಟನ್ನು ಮೇಜಿನ ಮೇಲೆ ಹರಡಿದರು. "ರಾತ್ರಿಯಿಂದ ಹುಡುಕ್ತಿದೀನಿ. ಎಡಗಡೆ ಅಂತ ಗೊತ್ತು. ಜಾಗ ಎಲ್ಲಿ, ತೋರಿಸಿ."

"ಯಾವ ಜಾಗ?" ಅಂದರು ಅತ್ತೆ.

"ಸುಟ್ಟಿದ್ದು. ವಿಡಿಯೋ ನೋಡಿದೀನಮ್ಮ. ಊರೆಲ್ಲ ನೋಡಿದೆ."

"ನಾನು ನೋಡಿಲ್ಲ. ನಮ್ಮಂಗಡಿಗೆ ಬಂದಿದ್ದನ್ನ ನಾವು ಹೇಳೋದಿಲ್ಲ ಸ್ವಾಮಿ. ಯಾರು ಕೇಳಿದ್ರೂ ಹೇಳೋದಿಲ್ಲ."

ಲಕ್ಷಗಟ್ಟಲೆ ಜನರಿಗೆ ನಾನು ಹೇಳಿಯಾಗಿತ್ತು. ಮೂಲೆಯಲ್ಲಿ ನಿಂತಿದ್ದೆ. ಭೂಮಿ ಬಾಯಿ ಬಿಡಲಿಲ್ಲ.

ಅವರು ಭೂತಗನ್ನಡಿ ತೆಗೆದುಕೊಂಡು ಮತ್ತೆ ಹುಡುಕಿದರು. ಸಿಗಲಿಲ್ಲ. ಕೋಟು ಮಡಿಸಿ, ಬಾಮೈದನ ಕಡೆ ತಿರುಗಿಯೂ ನೋಡದೆ ಹೊರಟರು. ಅವನು ಹೊಸ್ತಿಲಲ್ಲಿ ನನ್ನನ್ನು ಒಮ್ಮೆ ನೋಡಿದ. ಬೈದಿದ್ದರೆ ಚೆನ್ನಾಗಿತ್ತು.

ಅತ್ತೆ ಎದ್ದು ಬಾಗಿಲು ಹಾಕಿದರು. ಗಿರಾಕಿ ಇರಲಿಲ್ಲ, ಆದರೂ.

"ಈ ಬಾಗಿಲು ಯಾಕೆ ಹಾಕ್ತೀನಿ ಅಂದ್ಕೊಂಡಿದೀಯ? ನಲವತ್ತು ವರ್ಷ. ಗಂಡನ ಕೈ ಬಿದ್ದು ಹರಿದ ರವಿಕೆ ಬಂದಿದೆ. ಕಡ ತಂದ ಮದುವೆ ಬಟ್ಟೆ ಬಂದಿದೆ. ಯಾರ ಮನೆಯಲ್ಲಿ ಏನು ಹರೀತು, ನನ್ನ ಬಾಯಿಂದ ಒಂದೆಳೆ ಹೊರಗೆ ಹೋಗಿಲ್ಲ. ತೂತು ಮುಚ್ಚೋದು ಅರ್ಧ ಕೆಲಸ. ಬಾಯಿ ಮುಚ್ಕೊಳ್ಳೋದು ಇನ್ನರ್ಧ."

ಅಷ್ಟೇ. ಇಬ್ಬರಿಗೂ ಸಿಗಲೆಂದು ಗೂಡಿನಲ್ಲಿಡುತ್ತಿದ್ದ ಬೀಗದ ಕೈಯನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಸಂಜೆ 6

ನಾಲ್ಕು ಲಕ್ಷ ಹನ್ನೆರಡು ಸಾವಿರ. ಡಿಲೀಟ್ ಮೇಲೆ ಬೆರಳಿಟ್ಟು ಎಷ್ಟು ಹೊತ್ತು ಕೂತೆನೋ. ಮನಸ್ಸು ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ನನ್ನ ಜೀವನದಲ್ಲಿ ನಾಲ್ಕು ಲಕ್ಷ ಜನ ನೋಡಿದ್ದು ಇದೊಂದನ್ನೇ.

ಒತ್ತಿದೆ. ಹೋಯಿತು.

ಜೂನ್ 19, ಬೆಳಿಗ್ಗೆ 10.45

ಆರು ದಿನ ಬರೆಯಲಿಲ್ಲ. ಏನು ಬರೆಯಲಿ. ಕೋಟಿನ ಹುಡುಗನ ಮನೆಯ ಗೇಟಿನವರೆಗೆ ಹೋಗಿ ಕ್ಷಮೆ ಕೇಳಿ ಬಂದೆ. "ಇಂಟರ್‌ವ್ಯೂ ಆಯ್ತು, ಕೆಲಸ ಸಿಕ್ತು. ಭಾವ ಮಾತಾಡ್ತಿಲ್ಲ" ಅಂದ. ಅಂಗಡಿಯಲ್ಲಿ ಅತ್ತೆಯೂ ಹಾಗೆಯೇ. "ಎಳೆ ಕೊಡು", "ದೀಪ ಹಾಕು", ಇಷ್ಟೇ.

ಇವತ್ತು ಅವನೇ ಬಂದ. ಕಂಕುಳಲ್ಲಿ ಪೇಪರಿನ ಕಟ್ಟು. ಮುಖದಲ್ಲಿ ನಗು ತಡೆಯಲಾಗುತ್ತಿಲ್ಲ.

"ಭಾವ ಕಳಿಸಿದ್ದು. ಬಾಗಿಲು ಹಾಕ್ತೀರಾ?"

ಒಳಗೆ ಬಿಳಿ ಶಾಲು. ಅವನ ಅಕ್ಕನದು. ಕಾರಿನ ಬಾಗಿಲಿಗೆ ಸಿಕ್ಕಿಸಿ ಒಂದು ಮೊಳ ಹರಿದವರು ಸಾಕ್ಷಾತ್ ಭಾವ! ಎರಡು ತಿಂಗಳಿಂದ ಬೀರುವಿನ ಹಿಂದೆ ಬಚ್ಚಿಟ್ಟಿದ್ದರಂತೆ.

"ಅಕ್ಕಂಗೆ ಗೊತ್ತಾಗ್ಬಾರ್ದು ಅಂತ ನನ್ನ ಕೈ ಹಿಡ್ಕೊಂಡ್ರು. 'ಆ ಅಮ್ಮ ನಾನು ಕೇಳಿದ್ರೂ ಹೇಳ್ಲಿಲ್ಲ, ಅಲ್ಲಿಗೇ ಕೊಡು' ಅಂದ್ರು. ಒಂದೇ ಷರತ್ತು..." ನನ್ನ ಕಡೆ ನೋಡಿದ. "ಮೊಬೈಲ್ ಹೊರಗಿಡಬೇಕಂತೆ."

ಮೊದಲು ಅತ್ತೆಯ ಭುಜ ಅಲುಗಿತು, ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಆರು ದಿನದ ನಗು ಒಟ್ಟಿಗೆ. ನಾನೇ ಮೊಬೈಲನ್ನು ಜೆರಾಕ್ಸಣ್ಣನ ಅಂಗಡಿಯಲ್ಲಿಟ್ಟು ಬಂದೆ. ಬಂದವಳಿಗೆ ಅತ್ತೆ ಅಂದರು: "ಕೂತ್ಕೋ ಗಡಿಬಿಡಿ. ಎಳೆ ಕೀಳು."

ಗಡಿಬಿಡಿ ಅಂದರು!

ಜೂನ್ 21, ಮಧ್ಯಾಹ್ನ 2

ಹೊಳೆಯಿತು! ಬಸ್ಸಿನಲ್ಲಿ ಹೊಳೆದು ಒಂದು ಸ್ಟಾಪ್ ಮೊದಲೇ ಇಳಿದು ಓಡಿದೆ. ಬೇರೆಯವರ ತೂತು ಬೇಡ. ನನ್ನದೇ ತೂತು!

ಮೊದಲ ಸಂಬಳದಲ್ಲಿ ಕೊಂಡ ನನ್ನ ಬೂದು ಜಾಕೆಟ್. ಲೈವ್ ಹೋಗಿ, ಮುನ್ನೂರು ಜನರ ಮುಂದೆ, ಅದರ ಬೆನ್ನಿಗೆ ಕತ್ತರಿ ಹಾಕಿದೆ. ಎಲ್ಲಿ ಅಂತ ಕಾಣದ ಹಾಗೆ ಮೇಲೊಂದು ಬಟ್ಟೆ ಮುಚ್ಚಿ. ಕರಕ್ ಅನ್ನುವ ಸದ್ದು ಕೇಳಿ ಅತ್ತೆ ಕೂತಲ್ಲಿಂದಲೇ "ಹುಚ್ಚೀ!" ಎಂದು ಕೂಗಿದ್ದೂ ಲೈವ್‌ನಲ್ಲಿ ಹೋಯಿತು. ಜನರಿಗೆ ಜಾಕೆಟ್ಟಿಗಿಂತ ಅದೇ ಇಷ್ಟವಾಯಿತು.

ರಫು ಪೂರ್ತಿ ನನ್ನದೇ. ಅತ್ತೆ ಮುಟ್ಟುವ ಹಾಗಿಲ್ಲ.

ಜೂನ್ 26, ಸಂಜೆ

ಮೂರು ಸಲ ಬಿಚ್ಚಿದೆ. ಅತ್ತೆ ಹೇಳದೆ ನಾನೇ. ಹಿಂದೆಂದೂ ಹೇಳಿಸಿಕೊಳ್ಳದೆ ಬಿಚ್ಚಿದವಳಲ್ಲ.

ಜೂನ್ 28, ಬೆಳಿಗ್ಗೆ 11

ನಿನ್ನೆ ಜಾಕೆಟ್ಟಿನ ಫೋಟೋ ಪೇಜಿಗೆ ಹಾಕಿದೆ. "ತೂತು ಎಲ್ಲಿತ್ತು? ಹುಡುಕಿ." ಒಂದೇ ದಿನಕ್ಕೆ ಆರು ಸಾವಿರ ಕಾಮೆಂಟ್! ಜನ ಫೋಟೋ ಮೇಲೆ ಕೆಂಪು ವೃತ್ತ ಬರೆದು ಕಳಿಸುತ್ತಿದ್ದಾರೆ. ಭುಜ, ಜೇಬು, ಒಬ್ಬರು ಗುಂಡಿಗೇ. ನಾನು "ಇಲ್ಲ", "ಇಲ್ಲ", "ಊಹೂಂ". ಈಗ ಒಂದೊಂದನ್ನೂ ಪೂರ್ತಿ ಓದಿಯೇ ಉತ್ತರ.

ಪೇಜಿನ ಮೇಲೆ ಅತ್ತೆ ಹೇಳಿ ಬರೆಸಿದ ಸಾಲು: "ನಿಮ್ಮ ಬಟ್ಟೆಯ ಫೋಟೋ ತೆಗೆಯುವುದಿಲ್ಲ. ಬಾಗಿಲು ಹಾಕಿರುತ್ತದೆ." ಇದೇ ಜನರನ್ನು ಎಳೆಯುತ್ತಿದೆ! ನಿನ್ನೆ ಒಂಬತ್ತು ಕಟ್ಟು, ಇವತ್ತು ಇಷ್ಟರಲ್ಲೇ ಏಳು. ಕಟ್ಟಿನ ಮೇಲೆ ಹೆಸರಿಲ್ಲ, ನಂಬರ್ ಅಷ್ಟೇ. ಅತ್ತೆ ಮಾತ್ರ ಒಂದೇ ಹಟ. "ಗಿರಾಕಿ ಬಂದ್ರೆ ಸಾಕೇನೇ? ನನ್ನ ಕಣ್ಣು ಹೋಯ್ತು. ಮಾಡೋ ಕೈ ಬೇಕು. ಮೂವತ್ತನೇ ತಾರೀಕು ನಿನ್ನ ಜಾಕೆಟ್ ನೋಡ್ತೀನಿ."

ಜೂನ್ 30, ಬೆಳಿಗ್ಗೆ 10.20

ಬೇಗ ಬೇಗ ಬರೆಯುತ್ತಿದ್ದೇನೆ.

ಜೆರಾಕ್ಸಣ್ಣ ಟೇಪು ಹಿಡಿದು ಹೊಸ್ತಿಲಲ್ಲಿ. ಅತ್ತೆ ಜಾಕೆಟ್ಟನ್ನು ತೊಡೆಯ ಮೇಲೆ ಹರಡಿಕೊಂಡು ಕಣ್ಣು ಮುಚ್ಚಿದರು. ಬೆರಳು ಕಾಲರಿನಿಂದ ಹೊರಟಿತು. ಬೆನ್ನಿನ ಎಡಕ್ಕೆ ಇಳಿಯಿತು. ನನ್ನ ಜಾಗದ ಹತ್ತಿರ ಬಂತು. ಅದರ ಮೇಲೇ ಬಂತು... ದಾಟಿತು. ಕೆಳಗಿನ ಅಂಚಿಗೆ ಹೋಗಿ, ಮತ್ತೆ ಹಿಂದಕ್ಕೆ ಬಂದು, ಮತ್ತೆ ದಾಟಿತು.

ಅತ್ತೆ ಕಣ್ಣು ಬಿಟ್ಟರು. "ಎಲ್ಲೇ?"

ಆರು ತಿಂಗಳಲ್ಲಿ ಮೊದಲ ಸಲ ಅವರು ನನ್ನನ್ನು ಕೇಳಿದ್ದು. ಕೂಗಿ ಹೇಳಬೇಕು ಅನ್ನಿಸಿತು, ಇಲ್ಲಿ, ಇಲ್ಲಿ ಅತ್ತೆ, ನಿಮ್ಮ ಬೆರಳ ಕೆಳಗೇ!

"ಹೇಳಲ್ಲ ಅತ್ತೆ" ಅಂದೆ.

ಅತ್ತೆ ಜಾಕೆಟ್ ಮಡಿಸಿಟ್ಟರು. ಆಮೇಲೆ ಬಾಗಿಲ ಕಡೆ ತಿರುಗಿ, "ಟೇಪು ಮಡಿಸ್ಕೊಳ್ಳಪ್ಪಾ, ನಿನ್ನ ಗೋಡೆ ಅಲ್ಲೇ ಇರ್ಲಿ" ಅಂದು ಸೊಂಟದಿಂದ ಬೀಗದ ಕೈ ತೆಗೆದು ನನ್ನ ಮಡಿಲಿಗೆ ಎಸೆದರು. ಈಗಲೂ ಮಡಿಲಲ್ಲೇ ಇದೆ. ಅಳುತ್ತಲೂ ಇದ್ದೇನೆ, ನಗುತ್ತಲೂ ಇದ್ದೇನೆ, ಇಷ್ಟು ಖುಷಿ

ಯಾರೋ ಬಂದರು. ಕಂಕುಳಲ್ಲಿ ಪೇಪರಿನ ಕಟ್ಟು, ಹಿಂದೆ ಮುಂದೆ ನೋಡುತ್ತಿದ್ದಾರೆ. ಅತ್ತೆ ಎದ್ದೇಳುತ್ತಿಲ್ಲ, ನನ್ನನ್ನೇ ನೋಡುತ್ತಿದ್ದಾರೆ. ಬಾಗಿಲು ನಾನು ಹಾಕ—