ಅವ್ವನ ಕಣ್ಣಿಗೊಂದು ಟಿವಿ

ಅಪ್ಪಾ,

ಕೊಟ್ಟೂರಿನಲ್ಲಿ ನಿನ್ನ ಹತ್ತಿರ ಎಂಟು ವರ್ಷ ಟಿವಿ ರಿಪೇರಿ ಕಲಿತ ಕೊಟ್ರೇಶಿ ನೆನಪಿದ್ದಾನಾ? ಕೈ ಸುಟ್ಟುಕೊಂಡಾಗ ಅವ್ವ ಅವನಿಗೆ ಬೆಣ್ಣೆ ಸವರಿದ್ದಳು. ಈಗ ಅಲ್ಲೇ ಅವನದೇ ದೊಡ್ಡ ಟಿವಿ ಶೋರೂಮ್. ಅವನನ್ನು ನೆನೆಸಿಕೊಂಡರೆ ನನಗೆ ಹೇಸಿಗೆಯಾಗುತ್ತದೆ. ಇದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ನೀನು ಹೋದ ಮೇಲೆ ಅವ್ವ ಹಗರಿಬೊಮ್ಮನಹಳ್ಳಿಯಲ್ಲಿ ನನ್ನ ಜೊತೆಗಿದ್ದಾಳೆ. ಸಕ್ಕರೆ ಕಾಯಿಲೆ ಕಣ್ಣಿಗಿಳಿದಿದೆ. ಹಳೆಯ ಟಿವಿಯಲ್ಲಿ ಅವಳಿಗೆ ಎಲ್ಲ ಮಂಜು ಮಂಜು. ಧಾರಾವಾಹಿಯವರನ್ನು ಮಾತು ಕೇಳಿಯೇ ಯಾರೆಂದು ಗುರುತಿಸುತ್ತಿದ್ದಳು. ಹೋದ ತಿಂಗಳು ಕೊಟ್ರೇಶಿಯ ಅಂಗಡಿಗೆ ಕರೆದುಕೊಂಡು ಹೋದೆ. ಸಾಲು ಟಿವಿಗಳಲ್ಲಿ ಒಂದರ ಮುಂದೆ ನಿಂತುಬಿಟ್ಟಳು. ಓಎಲ್‌ಇಡಿ ಅಂತೆ. ಅದರಲ್ಲಿ ಕಪ್ಪೆಂದರೆ ಕಪ್ಪು, ಅದರ ಮೇಲೆ ಬೆಳಕು ಎದ್ದು ಕಾಣುತ್ತದೆ. "ಆಕಿ ಮೂಗುತಿ ಕಾಣಾಕತ್ತೈತಿ," ಎಂದಳು ಅವ್ವ, ಪರದೆಯ ಮೇಲಿನ ಹೆಂಗಸನ್ನು ನೋಡುತ್ತ, ಮೆಲ್ಲಗೆ.

ಒಂದು ಕೆಪಾಸಿಟರ್ ಬದಲಿಸಿ ಸತ್ತ ಸೆಟ್ಟನ್ನು ಮತ್ತೆ ಹತ್ತು ವರ್ಷ ಓಡಿಸುತ್ತಿದ್ದವನು ನೀನು. ಈ ಟಿವಿಯಲ್ಲಿ ಒಂದೇ ಚಿತ್ರ ಬಹಳ ಹೊತ್ತು ನಿಂತರೆ ಪರದೆಗೆ ಕಲೆ ಕೂರುತ್ತದಂತೆ. ಪರದೆ ಕೆಟ್ಟರೆ ರಿಪೇರಿಯಿಲ್ಲ, ಇಡೀ ಪರದೆಯನ್ನೇ ಬದಲಿಸಬೇಕಂತೆ. ಇಂಥದ್ದನ್ನು ಮಾಡುವವರಿಗೆ, ಮಾರುವವರಿಗೆ ನಾಚಿಕೆ ಅನ್ನುವುದು... ಆದರೂ ಆ ಮೂಗುತಿಗಾಗಿ ಒಪ್ಪಿಕೊಂಡೆ.

ರಿಪೇರಿಯಾದ ಸೆಟ್ಟು ಕೊಡುವ ಮುಂಚೆ ನೀನು ಪರದೆಯ ತುಂಬ ಒಂದೇ ಬಣ್ಣ ಬರಿಸಿ ನಾಲ್ಕೂ ಮೂಲೆ ನೋಡುತ್ತಿದ್ದೆಯಲ್ಲ, ಕೊಟ್ರೇಶಿ ಡಬ್ಬಿಯಿಂದ ತೆಗೆಸಿದ ಟಿವಿಗೂ ನಾನು ಹಾಗೇ ಮಾಡಿಸಿದೆ. ಬೂದು ಬಣ್ಣದ ಒಂದು ಮೂಲೆಯಲ್ಲಿ ಯಾವುದೋ ಚಾನೆಲ್ಲಿನ ಗುರುತು ಮಸುಕಾಗಿ ಕೂತಿತ್ತು. ತಿಂಗಳುಗಟ್ಟಲೆ ಅಂಗಡಿಯಲ್ಲಿ ಉರಿದ ಸೆಟ್ಟನ್ನೇ ಡಬ್ಬಿಗೆ ಹಾಕಿ, ಟೇಪು ಹಚ್ಚಿ, ಹೊಸದೆಂದು ಕೊಡುತ್ತಿದ್ದ. ಕೇಳಿದರೆ ಮುಖ ಕೂಡ ಬಾಡಲಿಲ್ಲ.

"ಅವ್ವಾರಿಗೆ ಅದು ಎಲ್ಲಿ ಕಾಣ್ತೈತ್ರಿ ಅಕ್ಕಾರ," ಎಂದ.

ಅವ್ವ ಪಕ್ಕದಲ್ಲೇ ಕೂತಿದ್ದಳು. ನಿನ್ನ ಕೈಕೆಳಗೆ ಬೆಳೆದವನ ಬಾಯಿಂದ ಆ ಮಾತು! ಅವ್ವನ ಕೈ ಹಿಡಿದು ಎಬ್ಬಿಸಿಕೊಂಡು ಬಂದೆ.

ಮನೆಗೆ ಬಂದವಳೇ ಇನ್ನು ಆ ಜಾತಿಯ ಟಿವಿಯೇ ಬೇಡ ಎಂದುಬಿಟ್ಟೆ. ಅವ್ವ ಸೆರಗಿನಿಂದ ಕನ್ನಡಕ ಒರೆಸುತ್ತ ಹೇಳಿದಳು: "ಟಿವಿ ಎಷ್ಟು ವರ್ಷ ಬರ್ತೈತಿ ಅಂತ ಚಿಂತಿ ಮಾಡ್ತಿ. ನನ್ನ ಕಣ್ಣು ಎಷ್ಟು ವರ್ಷ ಬರ್ತಾವ?"

ನೀನಿದ್ದಿದ್ದರೆ ಏನು ಹೇಳುತ್ತಿದ್ದೆ? ಹೊಸಪೇಟೆಗೆ ಹೋಗಿ, ಸೀಲು ಒಡೆಯದ ಡಬ್ಬಿಯನ್ನು ಎದುರಿಗೇ ತೆಗೆಸಿ, ನಾಲ್ಕೂ ಮೂಲೆ ನೋಡಿ ತಂದೆ. ಅದರ ಮೇಲೆ ನನಗೆ ಇವತ್ತಿಗೂ ನಂಬಿಕೆಯಿಲ್ಲ. ಕಲೆ ಕೂತೀತೆಂದು ಆಗಾಗ ಆರಿಸುತ್ತೇನೆ, ಅವ್ವ ಬೈಯುತ್ತಾಳೆ. ಧಾರಾವಾಹಿಯ ಸೊಸೆ ತೊಟ್ಟಿರುವುದು ಬಂಗಾರದ ಬಳೆಯಲ್ಲ, ಗಿಲೀಟು ಎಂದು ನನಗೇ ತೋರಿಸುತ್ತಾಳೆ.

ನಿನ್ನೆ ಒಬ್ಬಳೇ ಕೊಟ್ಟೂರಿಗೆ ಹೋಗಿದ್ದೆ. ಕೊಟ್ರೇಶಿ ತನ್ನ ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಗೆ ನಿನ್ನ ಫೋಟೋ ಹಾಕಿದ್ದಾನೆ, ಗಂಧದ ಹಾರದ ಸಮೇತ. ಅದನ್ನು ಕೊಡು ಎಂದೆ.

"ಗುರುಗಳ ಮುಖ ನೋಡಿ ಮಂದಿ ನಂಬಿ ಬರ್ತಾರ್ರಿ," ಎಂದ.

"ಅದಕ್ಕ ಕೇಳಾಕತ್ತೀನಿ. ಇಳಸು."

ಗಿರಾಕಿಗಳೆಲ್ಲ ನೋಡುತ್ತಿದ್ದರು. ಸ್ಟೂಲು ಹತ್ತಿ ಇಳಿಸಿಕೊಟ್ಟ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಇನ್ನು ಅವನು ನಿನ್ನ ಮುಖ ತೋರಿಸಿ ಯಾರಿಗೂ ಏನನ್ನೂ ಮಾರಲಾರ, ಅಪ್ಪಾ.